ಸಾಣಾಪುರ ಗುಡ್ಡದ ಚಿರತೆಯವರಿಗೆ, ದುರಗಮ್ಮನ ಆಡಿನ ವಿಚಾರವಾಗಿ

ಕೆರೆಯ ಮೇಲಿನ ಗುಡ್ಡದಲ್ಲಿ ಬಂಡೆ ಸಂದಿಯನ್ನೇ ಅರಮನೆ ಮಾಡಿಕೊಂಡು, ಮೈತುಂಬ ಚುಕ್ಕೆಯ ಶಾಲು ಹೊದ್ದು ವಿರಾಜಮಾನರಾಗಿರುವ ಚಿರತೆ ಸಾಹೇಬರ ಸನ್ನಿಧಾನಕ್ಕೆ, ಗುಡ್ಡದ ಕೆಳಗಿನ ಓಣಿಯ ಯಮನೂರನ ಶರಣು.

ಮಾನ್ಯರೇ,

ಕಳೆದ ಮಂಗಳವಾರ ತಾವು ಫ್ರಾನ್ಸ್ ದೇಶದಿಂದ ರಜೆ ಕಳೆಯಲು ಬಂದಿದ್ದ ಗಂಡ-ಹೆಂಡತಿಗೆ ಹಾಡಹಗಲೇ ದರ್ಶನ ಕೊಟ್ಟಿರಿ. ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬಂದು, ಬಿದ್ದರೆ ಇರಲಿ ಎಂದು ಅದನ್ನು ಕೆಳಗೆ ಹಾಸಿ, ಬರಿಗೈಯಲ್ಲಿ ಬಂಡೆ ಹತ್ತುವ ಮಂದಿ ಅವರು. ತಮ್ಮನ್ನು ಕಂಡದ್ದೇ ಹಾಸಿಗೆ ಬಿಟ್ಟು ಓಟ ಕಿತ್ತರು. ತಾವು ಅದರ ಮೇಲೆ ಕಾಲು ಚಾಚಿ ಮಲಗಿದಿರಿ. ದೂರದಿಂದ ಅವರು ತೆಗೆದ ಫೋಟೋ ಗಂಗಾವತಿ ದಾಟಿ ಹೋಯಿತು. ಒಂದೇ ತಾಸಿನಲ್ಲಿ ತಮ್ಮ ಯೋಗಕ್ಷೇಮ ನೋಡುವ ಅರಣ್ಯ ಕಚೇರಿಯಿಂದ ಮೂರು ಜೀಪು ಬಂದು, ಅಲ್ಲಿನ ಸಾಹೇಬರು ಅತಿಥಿಗಳಿಗೆ ಎಳನೀರು ಕುಡಿಸಿ ಕ್ಷಮೆ ಕೇಳಿದರು. ಅತಿಥಿಗಳು ಪಾಪದವರು, ಅವರ ಮೇಲೆ ನನ್ನ ತಕರಾರಿಲ್ಲ. ತಕರಾರು ತಮ್ಮ ಮೇಲೆ.

ಯಾಕೆಂದರೆ ನಮ್ಮ ಓಣಿಯ ದುರಗಮ್ಮನಿಗೆ ತಾವು ನಾಲ್ಕು ತಿಂಗಳಿಂದ ದರ್ಶನ ಕೊಡುತ್ತಲೇ ಇದ್ದೀರಿ. ಆಕೆಯ ಎರಡು ಆಡು, ಒಂದು ಹೋತ ತಮ್ಮ ಹೊಟ್ಟೆ ಸೇರಿವೆ. ಹೋತದ ಕಾಲು ಹಿಡಿದು ಜಗ್ಗಿದ ಆಕೆಯ ಮುಂಗೈ ಮೇಲೆ ತಮ್ಮ ಉಗುರಿನ ಗೆರೆ ಇನ್ನೂ ಮಾಸಿಲ್ಲ. ಅದನ್ನು ತೋರಿಸಿ ಪರಿಹಾರ ಕೇಳಲು ಅದೇ ಕಚೇರಿಗೆ ಹೋದರೆ ಸಾಹೇಬರು ಕೇಳಿದ್ದು: "ಚಿರತಿನ ಅಂತ ಹೆಂಗ್ ಹೇಳ್ತಿ? ನಾಯಿ ಇರಬೇಕು. ಫೋಟೋ ತಂದಿಯೇನು?" ದುರಗಮ್ಮ ಬಿಡುತ್ತಾಳೆಯೇ? "ಒಂದ್ ಕೈಯಾಗ ಹೋತಿನ ಕಾಲಿತ್ರಿ, ಒಂದ್ ಕೈಯಾಗ ಬಡಿಗಿ ಇತ್ತು. ಫೋಟೋ ತಗಿಯಾಕ ಮೂರನೇ ಕೈ ನಿಮ್ಮ ಕಚೇರ್ಯಾಗ ಕೊಡ್ತಾರೇನ್ರಿ?" ಎಂದಳು. ಕೊಡಲಿಲ್ಲ. ನಾವು ಮೂರು ದಿನ ಬಾಗಿಲಲ್ಲಿ ಧರಣಿ ಕೂತೆವು. ಆಗ ಮೂರೂ ಜೀಪು ಕೆಟ್ಟಿದ್ದವು.

ಆದ್ದರಿಂದ ವಿನಂತಿ: ಇನ್ನು ಮುಂದೆ ನಮ್ಮವರ ಆಡು ಹಿಡಿಯುವಾಗ ತಾವು ಕ್ಯಾಮೆರಾ ಕಡೆ ಮುಖ ಮಾಡಿ ನಿಲ್ಲಬೇಕು; ಪಂಚನಾಮೆಗೆ ಖುದ್ದಾಗಿ ಪಂಜ ಒತ್ತಬೇಕು; ಎರಡೂ ಆಗದಿದ್ದರೆ, ಬಾಯಿ ಹಾಕುವ ಮುಂಚೆ ಒಬ್ಬ ವಿದೇಶಿಯನ್ನು ಸಾಕ್ಷಿಗೆ ಕರೆಸಿಕೊಳ್ಳಬೇಕು. ತಮ್ಮಂಥ ಖಾನದಾನಿಯನ್ನು ನಾಯಿ ಎಂದರಲ್ಲ, ತಾವಾದರೂ ಮಾನನಷ್ಟ ಹೂಡಬಾರದೇ?

ಈಗ ತಮ್ಮನ್ನು ಹಿಡಿಯಲು ಬೋನು ಬಂದಿದೆ. ಬೋನಿನೊಳಗೆ ಜೀವಂತ ಆಡು ಕಟ್ಟಬೇಕಲ್ಲ. ಸಾಹೇಬರು ಸೀದಾ ದುರಗಮ್ಮನ ಮನೆಗೆ ಹೋಗಿ, ಉಳಿದ ನಾಲ್ಕರಲ್ಲಿ ಗಬ್ಬದ ಆಡನ್ನೇ "ಸಾರ್ವಜನಿಕ ಹಿತ" ಎಂದು ಬಿಚ್ಚಿಕೊಂಡು ಹೋದರು. "ನನ್ನ ಆಡು ತಿಂದಾಗ ನಾಯಿ, ನನ್ನ ಆಡು ಕಟ್ಟಾಗ ಚಿರತಿ ಆತೇನಲೇ?" ಎಂದು ಆಕೆ ಜೀಪಿನ ಹಿಂದೆ ಕೆರೆ ಏರಿಯವರೆಗೂ ಓಡಿದಳು. ಎರಡು ದಿನವಾಯಿತು, ಆಡು ಗುಡ್ಡದಲ್ಲಿ ಒದರುವುದು ಓಣಿಗೆ ಕೇಳುತ್ತದೆ, ದುರಗಮ್ಮ ರೊಟ್ಟಿ ಮುಟ್ಟಿಲ್ಲ. ದಯಮಾಡಿ ಆ ಕಡೆ ತಲೆ ಹಾಕಬೇಡಿ. ಹಸಿವೆಯಾದರೆ ಹೇಳಿ, ಕಚೇರಿಯ ದಾರಿ ತೋರಿಸುತ್ತೇನೆ.

ಇನ್ನೂ ತಮ್ಮ ಬಾಯಿಗೆ ಸಿಗದಿರುವ,
ತಮ್ಮ ವಿಶ್ವಾಸಿ
ಯಮನೂರ

ತಾ.ಕ.: ಈ ಪತ್ರ ಪತ್ರಿಕೆಯ ಅಚ್ಚಿಗೆ ಹೋಗುವ ಮುಂಚೆ ದುರಗಮ್ಮ, ಪಕ್ಕದ ಮನೆಯ ಖೈರುನಬಿ, ಓಣಿಯ ಹೆಂಗಸರೆಲ್ಲ ಗುಡ್ಡ ಹತ್ತಿ, ಚಿಲಕ ತೆಗೆದು ಆಡನ್ನು ಮನೆಗೆ ತಂದಿದ್ದಾರೆ. ಸರಕಾರಿ ಕೆಲಸಕ್ಕೆ ಅಡ್ಡಿಪಡಿಸಿದರೆಂದು ನೋಟಿಸು ಬಂದಿದೆ. ಆಡು ನಿನ್ನೆ ಎರಡು ಮರಿ ಹಾಕಿತು. ಗಂಡುಮರಿಗೆ ದುರಗಮ್ಮ ಸಾಹೇಬರ ಹೆಸರನ್ನೇ ಇಟ್ಟಿದ್ದಾಳೆ: ಹುಟ್ಟಿದಾಗಿನಿಂದ ಜೊತೆಯ ಮರಿಯ ಪಾಲಿನ ಹಾಲನ್ನೂ ಕಬಳಿಸುವುದೊಂದೇ ಅದರ ಕಸುಬಂತೆ.