ಇನ್ನೂರ ಹನ್ನೆರಡು ಸಲ ತೆರೆಯದ ಪೆಟ್ಟಿಗೆಗೆ ಬೀಗ ರಿಪೇರಿಯವನ ಬಿನ್ನಹ

ನಮ್ಮ ಮನೆಯ ಗೋಡೆ ಕಪಾಟಿನ ನಡುವಿನ ಹಲಗೆಯಲ್ಲಿ, ಹೆಂಡತಿಯ ಬಾಚಣಿಗೆಗೂ ನನ್ನ ಕೆಮ್ಮಿನ ಔಷಧಿಗೂ ಮಧ್ಯೆ ವಿರಾಜಮಾನರಾಗಿರುವ ಉಳಿತಾಯ ಪೆಟ್ಟಿಗೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ ತಮ್ಮ ಉಕ್ಕಿನ ಮೈಗೂ, ಹಸಿರು ಅಂಕಿಗಳ ಗಡಿಯಾರಕ್ಕೂ, ಯಾವುದಕ್ಕೂ ಕರಗದ ಅಂತಃಕರಣಕ್ಕೂ ಈ ಬಡ ಬೀಗ ರಿಪೇರಿಯವನ ಅನಂತ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ತಾವು ಅಗತ್ಯಕ್ಕಿಂತ ಹೆಚ್ಚು ಕ್ಷೇಮವಾಗಿರುವುದೇ ಈ ಪತ್ರದ ವಿಷಯ. ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಬಾಗಿಲು ಹಾಕಿಕೊಂಡು ತಮ್ಮೊಡನೆ ನಾನು ಈವರೆಗೆ ಆಡಿದ ಮಾತುಗಳು ಅಚ್ಚಿಗೆ ಯೋಗ್ಯವಲ್ಲ.

ಮೂವತ್ತು ವರ್ಷಗಳಿಂದ ಬಸ್ ನಿಲ್ದಾಣದ ಎದುರಿನ ಮೆಟ್ಟಿಲ ಕೆಳಗೆ ಅಂಗಡಿ ಇಟ್ಟುಕೊಂಡು, ಕೀಲಿ ಕಳೆದುಕೊಂಡವರ ಕಣ್ಣೀರು ಒರೆಸಿದವನು ನಾನು. ನಾನು ತೆರೆಯದ ಬೀಗವಿಲ್ಲ. ನಮ್ಮ ಮನೆಯಲ್ಲಿ ಬಿಡಿಗಾಸು ನಿಲ್ಲದಿರುವುದಕ್ಕೆ ಅದೇ ಕಾರಣವೆಂಬುದು ಹೆಂಡತಿಯ ಆರೋಪ. ಹಿತ್ತಾಳೆ ಬೀಗದ ಟ್ರಂಕಿನಲ್ಲಿ ಆಕೆ ಕೂಡಿಟ್ಟ ದುಡ್ಡು ಅರ್ಧ ಬೆಲೆಗೆ ಸಿಕ್ಕ ದೂರದರ್ಶಕವಾಯಿತು, ನಮ್ಮ ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ಗೋಡೆ ಮಾತ್ರ ಎಂಬುದು ಬೇರೆ ಮಾತು. ಮೇಜಿನ ಖಾನೆಯಲ್ಲಿದ್ದದ್ದು ಐದಕ್ಕೆ ಒಂದು ಉಚಿತವೆಂದು ಆರು ಕೊಡೆಗಳಾಯಿತು, ಮನೆಯಲ್ಲಿರುವ ತಲೆಗಳು ಮೂರೇ ಎಂಬುದು ಇನ್ನೂ ಬೇರೆ ಮಾತು. ಎರಡು ಸಲವೂ ನಾನು ಬೀಗವನ್ನು ಒಂದು ಗೀರೂ ಬೀಳದಂತೆ ತೆರೆದು, ಮರ್ಯಾದೆಯಿಂದ ಮತ್ತೆ ಹಾಕಿಟ್ಟಿದ್ದೇನೆ. ಅದನ್ನು ಯಾರೂ ಹೊಗಳಲಿಲ್ಲ.

ಬೇಕರಿಯ ಕೌಂಟರಿನಲ್ಲಿ ದುಡಿಯುವ ನನ್ನ ಹೆಂಡತಿ, ಹಣದ ಒಳ್ಳೆಯ ಅಭ್ಯಾಸಗಳ ಬಗ್ಗೆ ಅರ್ಧ ದಿನದ ತರಬೇತಿಗೆ ಹೋಗಿ ತಮ್ಮನ್ನು ಕರೆತಂದಳು. ಮಗಳನ್ನು ಎಕ್ಸ್‌ರೇ ತೆಗೆಯುವ ಕೋರ್ಸಿಗೆ ಸೇರಿಸಬೇಕಿತ್ತು. ಫೀಸು ಕಟ್ಟಲು ಆರು ತಿಂಗಳಿತ್ತು. ಅವಧಿ ಮುಗಿಯುವವರೆಗೆ ಬಾಗಿಲು ಬಿಚ್ಚದಂತೆ ಆರು ತಿಂಗಳಿಗೆ ತಮ್ಮ ಗಡಿಯಾರ ತಿರುವಿ, ನನ್ನ ಕಣ್ಣೆದುರೇ ದಪ್ಪನೆಯ ಲಕೋಟೆಯೊಂದನ್ನು ತಮ್ಮ ಬಾಯಿಗೆ ಹಾಕಿದಳು. ನಾನೂ ಸುಮ್ಮನಿರಲಿಲ್ಲ. ದಿನದ ಸಂಪಾದನೆಯಲ್ಲಿ ಅರ್ಧದಷ್ಟನ್ನು ಪ್ರತಿ ಸಂಜೆ ತಮಗೆ ಸಮರ್ಪಿಸಿದೆ. ಅಷ್ಟು ಉದಾರವಾಗಿ ಹಾಕಿದ್ದು, ಬೇಕಾದಾಗ ತೆಗೆದುಕೊಂಡರಾಯಿತು ಎಂಬ ಧೈರ್ಯದಿಂದ.

ಆದರೆ ಬೀಗವೆಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೆಂಡತಿ ಕೆಲಸಕ್ಕೆ ಹೋದ ಮಧ್ಯಾಹ್ನಗಳಲ್ಲಿ, ದುಡ್ಡಿಗಾಗಿ ಅಲ್ಲ, ಕೇವಲ ಕಸುಬಿನ ಮಾನಕ್ಕಾಗಿ, ತಮ್ಮ ಮೇಲೆ ಸಣ್ಣ ಕೊಕ್ಕೆ, ದೊಡ್ಡ ಕೊಕ್ಕೆ, ಆಯಸ್ಕಾಂತ, ವೈದ್ಯರ ಸ್ಟೆತೊಸ್ಕೋಪು, ಕೊನೆಗೆ ಅಳು, ಹೀಗೆ ಎಲ್ಲವನ್ನೂ ಪ್ರಯೋಗಿಸಿದೆ. ತಾವು ಪ್ರತಿ ಸಲವೂ "ಧನ್ಯವಾದ, ತಾಳ್ಮೆಯೇ ಸಂಪತ್ತು" ಎಂದು ಹೆಣ್ಣುದನಿಯಲ್ಲಿ ಉಲಿದಿರಿ. ತಮ್ಮನ್ನು ಕೆಣಕಿದರೆ ಪ್ರತಿ ಸಲಕ್ಕೂ ಏಳು ದಿನ ಹೆಚ್ಚುತ್ತದೆಂದು ಕೈಪಿಡಿಯ ಒಂಬತ್ತನೇ ಪುಟದಲ್ಲಿ ಬರೆದಿದೆಯಂತೆ. ನಮ್ಮ ಕಸುಬಿನವರು ಕೈಪಿಡಿ ಓದುವುದಿಲ್ಲ. ಕೈಪಿಡಿ ಓದುವವರು ನಮ್ಮ ಅಂಗಡಿಗೆ ಬರುವುದಿಲ್ಲ. ಇನ್ನೂರ ಹನ್ನೆರಡು ಸಲ ಕೆಣಕಿದ್ದಕ್ಕೆ ಸಾವಿರದ ನಾನೂರ ಎಂಬತ್ತನಾಲ್ಕು ದಿನಗಳ ಶಿಕ್ಷೆ ಬಿತ್ತು, ಅಂದರೆ ನಾಲ್ಕು ವರ್ಷ ದಾಟಿತು. ಕಳ್ಳನಿಗೂ ಇಷ್ಟಾಗುವುದಿಲ್ಲ, ಅವನಿಗೆ ಸನ್ನಡತೆಯ ರಿಯಾಯಿತಿಯಾದರೂ ಇರುತ್ತದೆ.

ಕೊರೆಯೋಣವೆಂದರೆ ಒಳಗೆ ಶಾಯಿ ಸುರಿದು ನೋಟೆಲ್ಲ ನೀಲಿಯಾಗುತ್ತದೆಂದು ತಮ್ಮ ಬೆನ್ನ ಮೇಲೆ ಎಚ್ಚರಿಕೆ ಇದೆ. ತಮ್ಮ ಕಂಪನಿಗೆ ಫೋನು ಮಾಡಿದೆ. "ನಿಮ್ಮ ಬಡಾವಣೆಯ ಅತ್ಯಂತ ನಂಬಿಕಸ್ಥ ಬೀಗ ರಿಪೇರಿಯವರಿಗೆ ಸಂಪರ್ಕ ಕೊಡ್ತಿದ್ದೀವಿ, ದಯವಿಟ್ಟು ಕಾಯಿರಿ" ಎಂದರು. ನಾನು ಕಾದೆ. ಮೇಜಿನ ಮೇಲಿದ್ದ ನನ್ನದೇ ಅಂಗಡಿಯ ಫೋನು ಬಡಿದುಕೊಂಡಿತು. ಬಂದ ಗಿರಾಕಿಯನ್ನು ಬಿಡಬಾರದೆಂದು ಎತ್ತಿದೆ. ತುರ್ತು ಕೆಲಸವಾದ್ದರಿಂದ ದುಪ್ಪಟ್ಟು ಕೇಳಿದೆ, ತುಂಬಾ ದುಬಾರಿಯಾಯಿತೆಂದು ನಾನೇ ಬೈದು ಇಟ್ಟೆ.

ಫೀಸಿಗೆ ಎರಡೇ ದಿನ ಉಳಿದಾಗ ತಮ್ಮ ಮುಂದೆ ಮಂಡಿಯೂರಿ ಮಾಡಿದ ಮನವಿಗಳು ಹೀಗಿದ್ದವು. ತಾವು ಖುದ್ದಾಗಿ ಕಾಲೇಜಿಗೆ ದಯಮಾಡಿಸಿ ಫೀಸಿನ ಕಿಟಕಿಯಲ್ಲಿ ನಾಲ್ಕು ವರ್ಷ ಕುಳಿತಿರಬೇಕು. ಅಥವಾ ದುಡ್ಡನ್ನು ಬಿಟ್ಟು ನನ್ನನ್ನು ಒಳಗೆ ಹಾಕಿಕೊಳ್ಳಬೇಕು. ಅಥವಾ ಮಗಳು ಕೋರ್ಸು ಮುಗಿಸಿ ಬಂದು ತಮ್ಮ ಎಕ್ಸ್‌ರೇ ತೆಗೆಯುವವರೆಗೆ, ಆ ಕೋರ್ಸಿನ ಫೀಸನ್ನು ಮುಂಗಡವಾಗಿ ಕೊಡಬೇಕು. ತಾವು ತಾಳ್ಮೆಯೇ ಸಂಪತ್ತು ಎಂದಿರಿ. ಹೊರಗೆ ಮಗಳು ತನ್ನ ಅಂಕಪಟ್ಟಿಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತ, "ಅಪ್ಪಾ, ನಾಡಿದ್ದು ನೀನೂ ಬರ್ತೀಯಲ್ಲಾ?" ಎಂದು ಕೇಳಿದಳು. ಮಾನ್ಯರೇ, ಆಗ ನನಗಾದ ನಾಚಿಕೆಯನ್ನು ತಮಾಷೆ ಮಾಡಲು ನನಗೆ ಬರುವುದಿಲ್ಲ.

ಹೆಂಡತಿ ಬಂದೊಡನೆ ಎಲ್ಲ ಒಪ್ಪಿಕೊಂಡೆ. ಆಕೆ ಕೂಗಾಡಲಿಲ್ಲ. ಬಚ್ಚಲಿನ ಹೊರಗೆ ಬಟ್ಟೆ ಕ್ಲಿಪ್ಪುಗಳನ್ನು ಹಾಕಿಡುವ, ಮುಚ್ಚಳ ಕಳೆದು ಎಷ್ಟೋ ವರ್ಷವಾದ ಸೋಪಿನ ಪುಡಿಯ ಡಬ್ಬ ತಂದು ಬೋರಲು ಹಾಕಿದಳು. ಕ್ಲಿಪ್ಪುಗಳ ಹಿಂದೆಯೇ ಪೂರಾ ಫೀಸು ಬಿತ್ತು. ತಮ್ಮ ಹೊಟ್ಟೆಯಲ್ಲಿರುವ ದಪ್ಪ ಲಕೋಟೆ ಬೇಕರಿಯ ಹಳೇ ಬಿಲ್ಲುಗಳದ್ದಂತೆ.

"ಬೀಗ ಕಂಡ್ರೆ ನೀವು ಬಿಡಲ್ಲ ರೀ. ಬೀಗ ಇಲ್ಲದ ಕಡೆ ತಿರುಗಿಯೂ ನೋಡಲ್ಲ. ಅದಕ್ಕೇ ದುಡ್ಡನ್ನ ಅಲ್ಲಿಟ್ಟೆ, ನಿಮ್ಮನ್ನ ಇದರ ಮುಂದೆ ಕೂರಿಸಿದೆ" ಎಂದಳು.

ದಿನಕ್ಕೆ ನಾಲ್ಕು ಸಲ ಆ ಡಬ್ಬದ ಮುಂದೆ ಹಾದುಹೋದವನು ನಾನು. ಮಗಳು ಕಾಲೇಜು ಸೇರಿದಳು. ತಮ್ಮೊಳಗೆ ನಿಜವಾಗಿ ಸಿಕ್ಕಿಕೊಂಡಿರುವುದು ನನ್ನ ದುಡ್ಡೊಂದೇ. ಹೀಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ, ನನ್ನ ಇಚ್ಛೆಗೆ ಪೂರ್ತಿ ವಿರುದ್ಧವಾಗಿ, ನಾನು ಉಳಿತಾಯ ಮಾಡಿದವನಾಗಿದ್ದೇನೆ. ಈ ಅವಮಾನಕ್ಕೆ ತಮಗೆ ಋಣಿ.

ಇಂತಿ, ಕೊಕ್ಕೆಗಳನ್ನೆಲ್ಲ ಕೆಳಗಿಟ್ಟಿರುವ,
ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಬೀಗ ರಿಪೇರಿಯವನು

ವಿ.ಸೂ.: ಮುಂದಿನ ವರ್ಷದ ಫೀಸಿಗೆಂದು ಹೆಂಡತಿ ಮತ್ತೆ ಕೂಡಿಡುತ್ತಿದ್ದಾಳೆ. ಜಾಗ ಬದಲಾಯಿಸಿಲ್ಲ, ಅದೇ ಡಬ್ಬ, ಅವೇ ಕ್ಲಿಪ್ಪುಗಳು, ನನಗೆ ಗೊತ್ತೆಂದು ಗೊತ್ತಿದ್ದೂ ಅಲ್ಲೇ ಇಟ್ಟಿದ್ದಾಳೆ. ಮೂರು ವಾರವಾಯಿತು, ನಾನು ಕೈ ಹಾಕಿಲ್ಲ. ಇದನ್ನು ತಮ್ಮ ಕಂಪನಿಯವರು ತಮ್ಮ ಸಾಧನೆಯೆಂದು ಜಾಹೀರಾತಿನಲ್ಲಿ ಹಾಕಿಕೊಂಡರೆ ಕೋರ್ಟಿನಲ್ಲಿ ಭೇಟಿಯಾಗೋಣ.