ಮುಸುವನಿಗೆ ಮಣ್ಣು

ಮುಸುವ ಸತ್ತ ಸುದ್ದಿ ಆ ದಿನ ದೊಡ್ಡನೆಕ್ಕುಂದಿಯಲ್ಲಿ ಹಾಲಿನ ಪ್ಯಾಕೆಟ್ಟಿಗಿಂತ ಮೊದಲು ಮನೆಮನೆ ತಲುಪಿತು. ಎತ್ತರದ ಬೆಟ್ಟದ ಕಾಡಿನಿಂದ ಮರದ ಲಾರಿ ಹತ್ತಿ ಬಂದಿದ್ದ ಕರಿಮುಖದ, ಉದ್ದಬಾಲದ ಮಂಗ ಅದು. ಬಾಳೆಹಣ್ಣು ಕೊಟ್ಟರೆ ಮೂಸಿ ಬಿಸಾಡುತ್ತಿತ್ತು; ಎಲೆ ಕೊಟ್ಟರೆ ಮಾತ್ರ ಬೀಗರಂತೆ ಕೂತು ತಿನ್ನುತ್ತಿತ್ತು. ಕಾರ್ಖಾನೆಯ ಕಾವಲುಗಾರ ಹಣಮಂತ ದಿನವೂ ಅದಕ್ಕೆ ನುಗ್ಗೆಸೊಪ್ಪು ಹಾಕುತ್ತಿದ್ದ.

ಈಗ ನೋಡಿದರೆ ಅದು ಟ್ರಾನ್ಸ್‌ಫಾರ್ಮರಿನ ಅಡಿಯಲ್ಲಿ ಬಿದ್ದಿತ್ತು.

"ಕರೆಂಟ್ ಹೊಡ್ದದೆ, ಯಾರೂ ಮುಟ್ಬ್ಯಾಡಿ!" ಎಂದು ಊರಿನ ಹಿರಿಯ ಚಿನ್ನಪ್ಪ ಬಿದಿರುಗಳುವಿನಿಂದಲೇ ದೇಹವನ್ನು ಬಿಳಿ ಪಂಚೆಯೊಳಕ್ಕೆ ಉರುಳಿಸಿ ಸುತ್ತಿದರು.

ಚಟ್ಟ ಎತ್ತಿದವರಿಗೆ ಬೆರಗು. "ಏನ್ ಚಿನ್ನಪ್ಪಣ್ಣ, ಭಾರಾನೇ ಇಲ್ಲ?"

"ಪುಣ್ಯಾತ್ಮ ಕಣ್ಲಾ. ಪಾಪ ಮಾಡಿದ್ರೆ ತಾನೆ ಭಾರ?"

ಹೂವಿನಂಗಡಿ ಮಾರಕ್ಕ ವೀಳ್ಯದೆಲೆ ಹಾರ ಹಾಕಿ ಕಣ್ಣೊರೆಸಿಕೊಂಡಳು. "ಸೊಪ್ಪು ಹಾಕ್ದೋನೇ ಮಗ. ಹಣಮಂತನೇ ಬೋಳಿಸ್ಕೋಬೇಕು."

ಹಣಮಂತ ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ. "ಯಕ್ಕಾ, ಮಧ್ಯಾಹ್ನ ಹೆಣ್ಣಿನವ್ರು ನನ್ನ ನೋಡಾಕ ಬರ್ತಾರ್ರಿ. ಹುಡುಗಿ ಶಿವಗಂಗಾ ನನ್ನ ಫೋಟೊ ನೋಡಿ ಮೀಸಿ ಚೊಲೊ ಅದ ಅಂದಾಳ!"

"ಮೀಸೆ ಮತ್ತೆ ಬರ್ತದೆ ಕಣೋ. ಸ್ವಾಮಿ ಇನ್ನೊಂದ್ಸಲ ಸಾಯ್ತಾನಾ?"

"ಹಂಗಾರ ತಲಿ ಅಷ್ಟ ಬೋಳಿಸ್ರಿ."

"ಅರ್ಧ ಕರ್ಮ ಯಾವ ಶಾಸ್ತ್ರದಲ್ಲೈತೆ?" ಎಂದರು ಚಿನ್ನಪ್ಪ.

ಗಳಿಗೆಯಲ್ಲಿ ಹಣಮಂತನ ತಲೆ ಸಿಪ್ಪೆ ಸುಲಿದ ಮೊಟ್ಟೆಯಂತಾಯಿತು. ಬೋಳಿಸಿದ ಮೀಸೆಯನ್ನು ಬಿಸಾಡಲು ಮನಸ್ಸು ಬಾರದೆ ಕರವಸ್ತ್ರದಲ್ಲಿ ಕಟ್ಟಿಕೊಂಡ.

ಗುಂಡಿ ತೋಡಿ ಚಟ್ಟವನ್ನು ಅದರ ಅಂಚಿನಲ್ಲಿ ಇಳಿಸಿದರು. ಅಷ್ಟರಲ್ಲಿ ಹೊಂಗೆಮರದಿಂದ ಉದ್ದ ಬಾಲವೊಂದು ಇಳಿಯಿತು. ಅದರ ಹಿಂದೆಯೇ ಮುಸುವ! ನೇರ ಚಟ್ಟದ ಮೇಲೆ ಕೂತು ತನ್ನ ಹಾರದ ಎಲೆಗಳನ್ನು ಒಂದೊಂದಾಗಿ ಕಿತ್ತು ಅಗಿಯತೊಡಗಿತು. ಪಂಚೆ ಜಾರಿತು. ಒಳಗಿಂದ ಹತ್ತಿ ಹೊರಬಂತು.

ಪಕ್ಕದ ಕಂಪನಿಯವರು ಕೋತಿಗಳನ್ನು ಬೆದರಿಸಲು ತಾರಸಿಯ ಮೇಲೆ ಕೂರಿಸಿದ್ದ ಮುಸುವನ ಗೊಂಬೆ ಗಾಳಿಗೆ ಬಿದ್ದಿತ್ತು, ಅಷ್ಟೆ.

"ನೋಡ್ದೇನ್ಲಾ ಹಣಮಂತ, ನಿನ್ ಭಕ್ತಿಗೆ ಮೆಚ್ಚಿ ಸ್ವಾಮಿ ಎದ್ದು ಬಂದ!" ಎಂದರು ಚಿನ್ನಪ್ಪ, ಒಂದಿಷ್ಟೂ ನಾಚದೆ. ಶವಯಾತ್ರೆಗೆ ಬಂದಿದ್ದ ತಮಟೆಯವರು ಮದುವೆಯ ಬಡಿತ ಹಿಡಿದರು.

ಆಗಲೇ ಶಿವಗಂಗಾಳ ತಂದೆ ನಿಂಗಪ್ಪ ಬಂದ. ಬೋಳುತಲೆ ನೋಡಿ ಹೌಹಾರಿದ. "ಅಯ್ಯೋ ತಮ್ಮಾ! ಅಪ್ಪಾರು ಯಾವಾಗ ತೀರ್ಕೊಂಡ್ರು?"

"ಅಪ್ಪ ಆರಾಮ ಅದಾನ್ರಿ. ಇದು... ಈ ಗೊಂಬಿ ಸಲುವಾಗಿರಿ."

ನಿಂಗಪ್ಪ ಗೊಂಬೆಯನ್ನು ನೋಡಿದ, ತಲೆಯನ್ನು ನೋಡಿದ, ಮತ್ತೆ ಗೊಂಬೆಯನ್ನು ನೋಡಿದ. "ಅಪ್ಪ ಸತ್ತಿದ್ರ ವರ್ಷ ಕಾದು ಮದುವಿ ಮಾಡ್ತಿದ್ದೆ. ಗೊಂಬಿಗೆ ಬೋಳಿಸ್ಕೊಂಡಾಂವಗ ಎಷ್ಟು ವರ್ಷ ಕಾದ್ರೇನು?" ಎಂದು ಬಂದ ದಾರಿಯಲ್ಲೇ ಬಸ್ಸಿಗೆ ಹೋದ.

ಜನ ಚದುರಿದರು. ಮುಸುವ ಕೊನೆಯ ಎಲೆ ಮೆಲ್ಲುತ್ತಿತ್ತು. ತೋಡಿದ ಗುಂಡಿ ಬರಿದಾಗಿಯೇ ಇತ್ತು. ಹಣಮಂತ ಕರವಸ್ತ್ರ ಬಿಚ್ಚಿ ಮೀಸೆಯನ್ನು ಗುಂಡಿಯೊಳಗಿಟ್ಟ, ಹಿಡಿ ಮಣ್ಣು ಹಾಕಿ ಕೈಮುಗಿದ.

"ಭಗವಂತಾ, ಹೋದ ಜೀವಕ್ಕ ಶಾಂತಿ ಕೊಡಪ್ಪಾ."