ಹೇಳಿಸಿಕೊಳ್ಳದ ಒಂದು ಚಪ್ಪಾಳೆ

ಇಷ್ಟೆಲ್ಲ ಫಜೀತಿಗೆ ಕಾರಣ ಕೋಟಿನ ಒಳಜೇಬಿನಲ್ಲಿದ್ದ ಒಂದು ಕಾಗದ. ಅಂಚೆಚೀಟಿ ಅಂಟಿಸಿ ಎಂಟು ದಿನವಾಗಿದ್ದರೂ ಅದನ್ನು ಡಬ್ಬಿಗೆ ಹಾಕುವ ಧೈರ್ಯ ಎವಾರಿಸ್ತ್ ಲಾಂಬ್ಲೆಗೆ ಬಂದಿರಲಿಲ್ಲ.

ಲಾಂಬ್ಲೆಯ ಹೆಸರು ಕೇಳದವರು ಪ್ಯಾರಿಸ್ಸಿನಲ್ಲಿ ಇರಲಿಲ್ಲ. ಜನರನ್ನು ನಗಿಸುವ ಮೂವತ್ತೊಂದು ಹಾಡುನಾಟಕಗಳಿಗೆ ಸಂಗೀತ ಕಟ್ಟಿದವನು. ‘ಡಚೆಸ್ಸಳ ಗಿಳಿ’ ನಾಟಕದ ಗಿಳಿ ಹಾಡನ್ನು ಮೀನು ಮಾರುವವರು, ಗಾಡಿ ಹೊಡೆಯುವವರು ಎಲ್ಲರೂ ಹಾಡುತ್ತಿದ್ದರು. ಅವನ ಹಲ್ಲು ಕಿತ್ತ ವೈದ್ಯನೂ ಅದನ್ನೇ ಗುನುಗುತ್ತ ಕಿತ್ತಿದ್ದ.

ಆದರೆ ಸೆರಾಫೀನಳಿಗೆ ಅವನು ಮಾತು ಕೊಟ್ಟದ್ದು ಗಿಳಿಯದ್ದಲ್ಲ. ಮೂವತ್ತು ವರ್ಷದ ಹಿಂದೆ ಅಂಗಳದಾಚೆಯ ಕಿಟಕಿಯಲ್ಲಿ ಕೂತು ಅವಳು ಬಟ್ಟೆ ಹೊಲಿಯುತ್ತಿದ್ದಳು. ಒಂದು ಸಂಜೆ ಅವನು ಆಗ ತಾನೇ ಕಟ್ಟಿದ ದೀಪದ ಹಾಡನ್ನು ನುಡಿಸಿದಾಗ ಅವಳ ಸೂಜಿ ಬಟ್ಟೆಯಲ್ಲಿ ಅರ್ಧ ಹೋಗಿ ಹಾಗೇ ನಿಂತುಬಿಟ್ಟಿತ್ತು. ಅಷ್ಟು ಮನಸ್ಸಿಟ್ಟು ಅವನ ಹಾಡನ್ನು ಆಮೇಲೆ ಯಾರೂ ಕೇಳಲಿಲ್ಲ. ಒಂದು ದೊಡ್ಡ ಗಂಭೀರ ಒಪೆರಾ ಬರೆದು ಬಂದು ನಿನ್ನ ಕೈ ಹಿಡಿಯುತ್ತೇನೆ ಎಂದಿದ್ದ. ಒಪೆರಾ ಬರಲಿಲ್ಲ, ಗಿಳಿ ಬಂತು. ಆರು ವರ್ಷ ಕಾದು ಅವಳು ರುವಾನ್ ಊರಿನ ಹಗ್ಗದ ವ್ಯಾಪಾರಿಯನ್ನು ಮದುವೆಯಾದಳು. ಈಗ ಆ ವ್ಯಾಪಾರಿ ತೀರಿಕೊಂಡಿದ್ದಾನಂತೆ. ಕಾಗದ ಅವಳಿಗೆ ಬರೆದದ್ದು.

ಈ ಭಾನುವಾರ ಮಧ್ಯಾಹ್ನದ ಗಿಳಿ ನಾಟಕದ ಆಟದಲ್ಲಿ, ಮೂರನೆಯ ಅಂಕಕ್ಕೆ, ಅವನು ಆ ದೀಪದ ಹಾಡನ್ನು ಸೇರಿಸಿದ್ದ. ಯಾರಾದರೂ ಒಬ್ಬರು ಮನಸಾರೆ ಚಪ್ಪಾಳೆ ತಟ್ಟಿದರೆ ಸಾಕು, ಕಾಗದ ಡಬ್ಬಿಗೆ. ಇಲ್ಲವಾದರೆ ಸಾಯುವ ತನಕ ಗಿಳಿಯೇ ಗತಿ ಎಂದು ತೀರ್ಮಾನಿಸಿಕೊಂಡಿದ್ದ.

ಮನಸಾರೆ ಎಂಬುದೇ ಕಷ್ಟದ ಮಾತು. ಅಲ್ಲಿನ ನಾಟಕಶಾಲೆಗಳಲ್ಲಿ ಚಪ್ಪಾಳೆ ತಾನಾಗಿ ಹುಟ್ಟುತ್ತಿರಲಿಲ್ಲ. ಬುಸ್ಕಾರ್ ಎಂಬ ದಪ್ಪ ಮೀಸೆಯವನು ನಲವತ್ತು ಕೂಲಿ ಜನರನ್ನು ಕಟ್ಟಿಕೊಂಡು ದೊಡ್ಡ ದೀಪಗೊಂಚಲಿನ ಕೆಳಗೆ ಕೂರುತ್ತಿದ್ದ. ಅವನ ಬೆತ್ತ ಮೇಲೆದ್ದರೆ ಚಪ್ಪಾಳೆ, ಅಲ್ಲಾಡಿದರೆ ನಗು. ಕರವಸ್ತ್ರ ಹಿಡಿದು ಅಳುವವರೂ ಅವನ ಬಳಿ ಇದ್ದರು. ಉಳಿದ ಜನ ಅವರನ್ನು ನೋಡಿಕೊಂಡು ಕೈ ಸೇರಿಸುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಲಾಂಬ್ಲೆ ಕಾಫಿ ಅಂಗಡಿಯಲ್ಲಿದ್ದ ಬುಸ್ಕಾರನ ಬಳಿ ಹೋಗಿ, ದೀಪದ ಹಾಡಿಗೆ ನಿಮ್ಮವರು ಯಾರೂ ಕೈ ತಟ್ಟಬಾರದು ಎಂದು ಕೇಳಿಕೊಂಡ.

"ಮೇಷ್ಟ್ರೇ, ಮೈ ಹುಷಾರಿದೆ ತಾನೇ?" ಎಂದ ಬುಸ್ಕಾರ್. "ಇನ್ನೂ ಚಪ್ಪಾಳೆ ಹೊಡೀರಿ ಅಂದವರನ್ನ ದಿನಾ ನೋಡ್ತೀನಿ. ಹೊಡೀಬೇಡಿ ಅಂದವರು ನೀವೇ ಮೊದಲು." ಕಸುಬಿಗೇ ಅವಮಾನವಾದಂತೆ ಮುಖ ಮಾಡಿ, ತನ್ನ ಪಟ್ಟಿಯಲ್ಲಿ ಆ ಸಾಲನ್ನು ಹೊಡೆದುಹಾಕಿದ.

ಸುದ್ದಿ ನಿಲ್ಲಲಿಲ್ಲ. ಹಾಡಬೇಕಾದ ಜೆನೊಬಿ ಕೆಂಡವಾದಳು. ತನ್ನ ಹಾಡಿಗೆ ಎರಡು ಪಟ್ಟು ಚಪ್ಪಾಳೆ ಬೀಳಲಿ ಎಂದು ಬುಸ್ಕಾರನಿಗೆ ಒಂದು ಇಡೀ ಹಂದಿತೊಡೆ ಕಳಿಸಿದಳು. ಅವಳಿಗೆ ತಪ್ಪಿದ ಚಪ್ಪಾಳೆ ತನಗೆ ಬರಲಿ ಎಂದು ಜೊತೆಯ ಗಾಯಕ ಒಂದು ಚೀಸ್ ಗಡ್ಡೆ ಕಳಿಸಿದ. ಲಾಂಬ್ಲೆ ಚಳಿಯಲ್ಲಿ ಓಡಿಹೋಗಿ ಬಾತುಕೋಳಿಯ ದೊಡ್ಡ ಕಡುಬನ್ನು ತಂದು ಬುಸ್ಕಾರನ ಮುಂದಿಟ್ಟ. ಕಡುಬು ಗೆದ್ದಿತು. ಆದರೆ ಬುಸ್ಕಾರ್ ತೊಡೆಯನ್ನೂ ಚೀಸನ್ನೂ ವಾಪಸು ಕೊಡಲಿಲ್ಲ.

ಬಟ್ಟೆ ಬದಲಿಸಲು ಮನೆಗೆ ಬಂದರೆ ಬಾಗಿಲು ಕಾಯುವ ಮದಾಮ್ ತ್ರುಶೋ ಅಡ್ಡ ನಿಂತಳು. ಆ ಮನೆಯ ನಾಲ್ಕು ಮಹಡಿಗಳಲ್ಲಿ ಅವಳಿಗೆ ತಿಳಿಯದ ಸಂಗತಿ ಇರಲಿಲ್ಲ. "ಆ ಕಾಗದ ಇವತ್ತೂ ಹಾಕಲಿಲ್ವಾ? ಅದರ ಮೂಲೆ ಮಾಸಿಹೋಯ್ತು" ಎಂದಳು. ಅವಳ ಬಾಯಿ ಮುಚ್ಚಿಸಲು ಅವನು ಆಟದ ಚೀಟಿಯೊಂದನ್ನು ಕೈಗಿಟ್ಟು ಓಡಿದ.

ಆಟ ಎಂದಿನಂತೆ ನಡೆಯಿತು. ಗಿಳಿ ಹಾಡನ್ನು ಮೂರು ಸಲ ಹಾಡಿಸಿದರು. ಮೂರನೆಯ ಅಂಕದಲ್ಲಿ ಜೆನೊಬಿ ದೀಪ ಹಿಡಿದು ಬಂದಳು. ಸಿಟ್ಟಿನಲ್ಲಿದ್ದಳಾದ್ದರಿಂದ ಒನಪು ವಯ್ಯಾರ ಎಲ್ಲ ಮರೆತು ಸುಮ್ಮನೆ ನಿಂತು ಹಾಡಿದಳು. ಪರದೆಯ ಪಕ್ಕದಲ್ಲಿದ್ದ ಲಾಂಬ್ಲೆಗೆ ಆ ಕಿಟಕಿ, ಆ ನಿಂತ ಸೂಜಿ ಕಣ್ಣಿಗೆ ಕಟ್ಟಿತು. ಸೆರಾಫೀನ ಇಲ್ಲಿರಬೇಕಿತ್ತು ಎಂದು ಜೀವ ಹಂಬಲಿಸಿತು.

ಹಾಡು ಮುಗಿಯಿತು. ಒಂದು ಕೈಯೂ ಏಳಲಿಲ್ಲ. ಇಡೀ ಸಭೆ ಬುಸ್ಕಾರನ ಬೆತ್ತವನ್ನು ನೋಡಿತು. ಬೆತ್ತ ನೆಲದ ಮೇಲಿತ್ತು.

ಅಷ್ಟರಲ್ಲಿ ಮೇಲಿನ ಕೊನೆಯ ಅಟ್ಟದಿಂದ ಒಂದು ಬಿಕ್ಕು ಕೇಳಿಸಿತು. ಲಾಂಬ್ಲೆ ಐವತ್ತನಾಲ್ಕರ ಮಂಡಿಗಳನ್ನು ಮರೆತು ಐದು ಮಹಡಿ ಹತ್ತಿದ. ಅಲ್ಲಿ ಒಬ್ಬಳು ಮುದುಕಿ ಕರವಸ್ತ್ರವನ್ನು ಕಣ್ಣಿಗೊತ್ತಿಕೊಂಡು ಕೂತಿದ್ದಳು.

"ತಾಯೀ, ನಿಜವಾಗ್ಲೂ ಅತ್ರಾ?"

ಅವಳು ಗಾಬರಿಯಾದಳು. "ತಪ್ಪಾಯ್ತಾ ಸ್ವಾಮಿ? ದೀಪ ಬಂದಾಗ ಅಳು ಅಂತ ಬುಸ್ಕಾರ್ ಅವರು ಶುಕ್ರವಾರ ಹೇಳಿದ್ರು. ಬೇಡ ಅಂತ ಇವತ್ತೇನಾದ್ರೂ ಹೇಳಿದ್ರೆ ನಂಗೊತ್ತಿಲ್ಲ, ಬರೋದು ತಡವಾಯ್ತು. ಹೊಸಬಳು, ಕೆಲಸದಿಂದ ತೆಗೀಬೇಡಿ."

"ಹಾಡು ಹೇಗಿತ್ತು?"

"ಕೇಳೋಕೆ ಪುರುಸೊತ್ತೆಲ್ಲಿ ಸ್ವಾಮಿ? ಅಳು ಬರಿಸಿಕೊಳ್ಳೋದ್ರಲ್ಲೇ ಹಾಡು ಮುಗಿದುಹೋಯ್ತು."

ಲಾಂಬ್ಲೆ ಕೆಳಗಿಳಿದು, ಪಡಸಾಲೆಯಲ್ಲಿ ಚಳಿಗೆ ಹೊತ್ತಿಸಿದ್ದ ಒಲೆಯ ಬಾಗಿಲು ತೆಗೆದು, ಕಾಗದವನ್ನು ಒಳಗೆ ಹಾಕಿದ. ಅದು ಪೂರ್ತಿ ಉರಿಯುವವರೆಗೂ ನಿಂತಿದ್ದ.

ಹೊರಗೆ ಮದಾಮ್ ತ್ರುಶೋ ಕಾಯುತ್ತಿದ್ದಳು. ಇಬ್ಬರೂ ಮನೆಯ ಕಡೆ ಹೊರಟರು.

"ಮೇಷ್ಟ್ರೇ, ಆ ದೀಪದ ಹಾಡು ನಿಮ್ಮದೇನಾ? ನಾನು ಅತ್ತೇಬಿಟ್ಟೆ. ಪಕ್ಕದಲ್ಲಿದ್ದ ಕಟುಕನೂ ಕಣ್ಣೊರೆಸಿಕೊಂಡ. ಕೈ ತಟ್ಟೋಣ ಅಂತ ಎತ್ತಿದ್ವಿ. ಬುಸ್ಕಾರ್ ಜನ ಕೈಕಟ್ಟಿ ಕೂತಿದ್ರು. ಇಲ್ಲಿ ತಟ್ಟಬಾರದೇನೋ ಅಂತ ನಮ್ಮ ಸಾಲಿನವರೆಲ್ಲ ಕೈ ಇಳಿಸಿದ್ವಿ."

"ಸಮಾಧಾನಕ್ಕೆ ಹೇಳ್ತಿದ್ದೀರಾ?"

"ನಾನು ಯಾವತ್ತು ನಿಮ್ಮನ್ನ ಹೊಗಳಿದ್ದೀನಿ?" ಎಂದಳು ಅವಳು. ಅದು ನಿಜವೇ ಆಗಿತ್ತು.

ಬೀದಿಯ ತುದಿಯಲ್ಲಿ ಅಂಚೆಡಬ್ಬಿ ಇತ್ತು. "ಚೀಲ ಇನ್ನೂ ಒಯ್ದಿಲ್ಲ, ಹಾಕಿಬಿಡಿ" ಎಂದಳು ತ್ರುಶೋ. ಅವನು ಜೇಬಿಗೆ ಕೈ ಹಾಕಿ ಹಾಗೇ ನಿಂತ. ಇನ್ನೊಂದು ಬರೆಯಬಹುದಿತ್ತು, ನಿಜ. ಮೊದಲನೆಯದನ್ನು ಬರೆಯುವ ಧೈರ್ಯಕ್ಕೇ ಮೂವತ್ತು ವರ್ಷ ಹಿಡಿದಿತ್ತು.

ಅಷ್ಟರಲ್ಲಿ ಎದುರಿನ ಮೂಲೆಯಲ್ಲಿ ಬೀದಿ ವಾದ್ಯದವನೊಬ್ಬ ತನ್ನ ಸಂಗೀತದ ಪೆಟ್ಟಿಗೆಯ ಹಿಡಿಕೆ ತಿರುಗಿಸತೊಡಗಿದ. ಗಿಳಿ ಹಾಡು. ಹೋಗುತ್ತಿದ್ದವರು ನಿಂತರು, ಇಬ್ಬರು ದಾದಿಯರು ಕುಣಿದರು. ಹಾಡು ಮುಗಿದಾಗ ಯಾವ ಬೆತ್ತವೂ ಏಳದೆ, ಯಾರೂ ಯಾರಿಗೂ ಹೇಳದೆ, ಬೀದಿಯವರೆಲ್ಲ ಮನಸಾರೆ ಚಪ್ಪಾಳೆ ತಟ್ಟಿದರು.